ಸಮಕ್ಷಮ

ಧುಪದಾಳದ ಬಳಿ ಘಟಪ್ರಭೆಗೆ ಇನ್ನೂ ಒಡ್ಡು ಬಿದ್ದಿರದ ಕಾಲವದು. ಹೊಳೆ ತನ್ನ ಮನಬಂದಂತೆ ಹರಿದು, ಗೋಕಾಕದ ಬಂಡೆಯಂಚಿನಿಂದ ಧುಮುಕಿ, ಮೂಡಲ ಬಯಲಿಗಿಳಿದು ಕೃಷ್ಣೆಯನ್ನು ಕೂಡುತ್ತಿತ್ತು. ಹುಕ್ಕೇರಿಯ ಗುಮ್ಮಟಗಳು ಆದಿಲಶಾಹಿಯ ಏಳುಬೀಳನ್ನು ಕಂಡು ಮೌನವಾಗಿದ್ದವು. ಗೋಕಾಕ ಸವಣೂರ ನವಾಬರನ್ನೂ ಆಮೇಲೆ ಪಟವರ್ಧನರನ್ನೂ ಕಂಡಿತ್ತು. 1818ರಲ್ಲಿ ಪೇಶವೆಯ ಆಳಿಕೆ ಮುಗಿದು, ಕೃಷ್ಣೆಯ ತೆಂಕಣ ಸೀಮೆಗೆಲ್ಲ ಕಂಪನಿ ಸರಕಾರದ ನೆರಳು ಹಬ್ಬಿತು. ಅರಸರು ಬದಲಾದರೂ ಊರ ಚಾವಡಿ ಬದಲಾಗಲಿಲ್ಲ.

ಹೊಲದ ಬದುವಿಗಾಗಿ, ಬಾವಿಯ ಪಾಲಿಗಾಗಿ, ವತನದ ಹಕ್ಕಿಗಾಗಿ ಜಗಳ ಹುಟ್ಟಿದರೆ ಜನ ಪಂಚರ ಮುಂದೆ ಹೋಗುತ್ತಿದ್ದರು. ಪೇಶವೆಯಿಂದ ಗೆದ್ದ ಸೀಮೆಗೆ ವ್ಯವಸ್ಥೆ ಕಟ್ಟಲು ಬಂದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಈ ಪದ್ಧತಿಯನ್ನು ಕೆಡವಲಿಲ್ಲ, ಹಾಗೆಯೇ ನಡೆಯಲು ಬಿಟ್ಟ. ಎರಡೂ ಕಡೆಯವರು ಮೊದಲು ಪಂಚರ ಮಾತಿಗೆ ಒಪ್ಪುತ್ತೇವೆಂದು ಬರೆದುಕೊಡಬೇಕು. ವಾದಿಯ ಹೇಳಿಕೆಯಾದ ಮೇಲೆ ಪ್ರತಿವಾದಿಯ ಹೇಳಿಕೆ. ಆಮೇಲೆ ಸಾಕ್ಷಿದಾರರು ಬಿಲ್ವಪತ್ರೆ, ಭಂಡಾರ ಮುಟ್ಟಿ ಆಣೆ ಮಾಡಿ, ಯಾರ ವಿರುದ್ಧ ನುಡಿಯಬೇಕೋ ಅವನ ಎದುರಿಗೇ ನಿಂತು ನುಡಿಯಬೇಕು. ಇದಕ್ಕೆ ನಮ್ಮಲ್ಲಿ ಇಂದಿಗೂ ಉಳಿದಿರುವ ಮಾತು ‘ಸಮಕ್ಷಮ’. ಪಂಚರ ಸಮಕ್ಷಮ, ಉಭಯತರ ಸಮಕ್ಷಮ ಎಂದು ಮಹಜರಿನಲ್ಲಿ ಬರೆಯದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಕಣ್ಣೆದುರು ಆಡದ ಮಾತು ಚಾಡಿಯಾದೀತು, ಸಾಕ್ಷಿಯಾಗದು ಎಂಬುದನ್ನು ಓದುಬರಹವಿಲ್ಲದ ಒಕ್ಕಲಿಗನೂ ಬಲ್ಲ.

ಒಂದು ಮೊಳ ಬದುವಿಗಾಗಿ ಜಗಳವಾಡಿದ ರೈತನಿಗೆ ಸಿಗುತ್ತಿದ್ದ ಈ ಸಮಕ್ಷಮ ಅದೇ ಕಾಲದಲ್ಲಿ ಇಬ್ಬರು ಅರಸರಿಗೆ ಸಿಗಲಿಲ್ಲ. ಒಬ್ಬರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಇನ್ನೊಬ್ಬರು ಸಾತಾರಾದ ಪ್ರತಾಪಸಿಂಹ ಭೋಸಲೆ. ಸಾತಾರಾ ನಮಗೆ ಪರಸ್ಥಳವೆಂದು ಯಾರೂ ಎಣಿಸಬೇಕಾಗಿಲ್ಲ. ಗೋಳಗುಮ್ಮಟದ ವಿಜಾಪುರ 1848ರವರೆಗೆ ಸಾತಾರಾ ಅರಸನ ಸೀಮೆಯಲ್ಲೇ ಇತ್ತು. ಕನ್ನಡ ಮಾತಾಡುವ ಜತ್ತ, ಅಕ್ಕಲಕೋಟೆಗಳ ಜಹಗೀರುದಾರರು ಅವನಿಗೇ ನಡೆದುಕೊಳ್ಳುತ್ತಿದ್ದರು. ಕೃಷ್ಣೆ ಹುಟ್ಟುವುದೂ ಅವನ ರಾಜ್ಯದ ಮಹಾಬಳೇಶ್ವರದಲ್ಲಿ.

ಅರಸರ ಕತೆಗೆ ಮುಂಚೆ ಇನ್ನೊಂದು ವಿಚಾರಣೆಯನ್ನು ನೆನೆಯಬೇಕು. ಬಂಗಾಳದಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಮೇಲೆ ಇಂಗ್ಲೆಂಡಿನ ಪಾರ್ಲಿಮೆಂಟು ವಾಗ್ದಂಡನೆಯ ಮೊಕದ್ದಮೆ ಹೂಡಿತು. 1788ರ ಫೆಬ್ರುವರಿ 13ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಶುರುವಾದ ವಿಚಾರಣೆ 1795ರ ಏಪ್ರಿಲ್ 23ರಂದು ಮುಗಿಯಿತು. ಏಳು ವರ್ಷಗಳಲ್ಲಿ ಸಭೆ ಕೂಡಿದ್ದು ನೂರೈವತ್ತಕ್ಕೆ ಎರಡು ಕಡಿಮೆ ದಿನ. ಎಂಥ ಸಾಕ್ಷ್ಯವನ್ನು ಒಪ್ಪಬೇಕು, ಎಂಥದನ್ನು ತಳ್ಳಬೇಕು ಎಂಬ ಜಗಳಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ಆರೋಪ ಹೊರಿಸಿದ ಎಡ್ಮಂಡ್ ಬರ್ಕ್, ರಾಜ್ಯಗಳನ್ನೇ ಮುಳುಗಿಸಿದ ಅಪರಾಧವನ್ನು ಸಾಮಾನ್ಯ ಕೋರ್ಟಿನ ಗಜಕಡ್ಡಿಯಿಂದ ಅಳೆಯಬಾರದೆಂದು ಹಟ ಹಿಡಿದ. ಪ್ರಭುಗಳ ಸಭೆ ಒಪ್ಪಲಿಲ್ಲ, ಕೋರ್ಟಿನ ನೇಮವನ್ನೇ ಎತ್ತಿಹಿಡಿಯಿತು. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಯ್ದ ಲಾರ್ಡ್ ಕಾರ್ನ್‌ವಾಲಿಸ್ ತಾಯ್ನಾಡಿಗೆ ಮರಳಿದ ಮೇಲೆ, 1794ರಲ್ಲಿ, ಅದೇ ಸಭಾಂಗಣದಲ್ಲಿ ಸಾಕ್ಷಿಯಾಗಿ ನಿಂತ. ಕೊನೆಗೆ ಹೇಸ್ಟಿಂಗ್ಸ್ ಬಿಡುಗಡೆಯಾದ. ಆ ತೀರ್ಪು ನ್ಯಾಯವಾಯಿತೆಂದು ನಾನು ಹೇಳಲಾರೆ. ತನ್ನ ಮೇಲೆ ಯಾರು ಏನು ಹೇಳಿದರೆಂಬುದನ್ನು ಮಾತ್ರ ಅವನು ಪ್ರತಿಯೊಂದು ಅಕ್ಷರ ಕಿವಿಯಾರೆ ಕೇಳಿದ.

ಈಗ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜರು 1799ರಲ್ಲಿ ಐದು ವರ್ಷದ ಕೂಸಾಗಿ ಗದ್ದುಗೆ ಏರಿದವರು. ಆ ವರ್ಷದ ಕರಾರಿನ ಪ್ರಕಾರ ಕಂಪನಿಗೆ ವರ್ಷವರ್ಷವೂ 7 ಲಕ್ಷ ವರಹ ಕೊಡಬೇಕು. ಆ ಹಣಕ್ಕೆ ಧಕ್ಕೆ ಬರುವ ಭಯವಿದ್ದರೆ ಗವರ್ನರ್ ಜನರಲ್ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದು. 1811ರಲ್ಲಿ ದಿವಾನ್ ಪೂರ್ಣಯ್ಯನವರು ಸರಿದ ಮೇಲೆ ಖಜಾನೆ ಇಳಿಯಿತು. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರರು ಶರತ್ತು ಬರೆದುಕೊಟ್ಟು ರೈತರನ್ನು ಹಿಂಡಿದರು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಎದ್ದರು. ಬೂದಿ ಬಸವಪ್ಪ ಕೆಳದಿಯ ವಂಶದವನೆಂದು ಹೇಳಿಕೊಂಡು ಮುಂದೆ ನಿಂತ. ದಂಗೆಯಡಗಿಸಲು ಕಂಪನಿಯ ಪಡೆ ಬಂತು.

ರೈತರ ನೋವು ಸುಳ್ಳಲ್ಲ, ಅರಸರ ಕೈ ಸಡಿಲವಿದ್ದದ್ದೂ ಸುಳ್ಳಲ್ಲ. ಆದರೆ ಮದರಾಸಿನಿಂದ ಹೋದ ವರದಿಗಳ ಮೇಲೆ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಸೆಪ್ಟೆಂಬರ್ 7ರಂದು ಒಂದು ಪತ್ರ ಬರೆದು ರಾಜ್ಯವನ್ನು ಕಿತ್ತುಕೊಂಡ. ಅಕ್ಟೋಬರ್ 19ರಂದು, ದಸರೆಯ ಹಂಗಾಮಿನಲ್ಲೇ, ಮೈಸೂರು ಕಮಿಷನರುಗಳ ಕೈ ಸೇರಿತು. ಆರೋಪಪಟ್ಟಿಯಿರಲಿಲ್ಲ, ಜವಾಬು ಕೇಳಲಿಲ್ಲ, ಒಬ್ಬ ಸಾಕ್ಷಿಯನ್ನೂ ಅರಸರೆದುರು ನಿಲ್ಲಿಸಲಿಲ್ಲ. ಪತ್ರವೇ ಆರೋಪ, ಪತ್ರವೇ ತೀರ್ಪು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಗದ್ದುಗೆಯ ಅಧಿಕಾರ ಹೋದ ಮೇಲೆ ದಂಗೆಯ ಕಾರಣ ತಿಳಿಯಲೆಂದು ಒಂದು ಸಮಿತಿ ನೇಮಕವಾಯಿತು. ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಮಾರ್ಕ್ ಕಬ್ಬನ್ ಎಂಬ ನಾಲ್ವರು ಊರೂರಿನ ಹೇಳಿಕೆ ತೆಗೆದುಕೊಂಡು 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟರು. ತಲೆ ಕಡಿದು ಆಮೇಲೆ ನಾಡಿ ಹಿಡಿದು ನೋಡಿದ ಹಾಗೆ! ಮರುವರ್ಷ ಬೆಂಟಿಂಕ್ ತಾನೇ ಮೈಸೂರಿಗೆ ಬಂದು ಅರಸರನ್ನು ಕಂಡ. ತನಗೆ ಬಂದ ವರದಿಗಳಲ್ಲಿ ಚಿತ್ರಿಸಿದ ಮನುಷ್ಯ ಇವರಲ್ಲ ಎಂದು ಅವನಿಗೆ ಅನ್ನಿಸಿತು. ಕಂಪನಿಗೆ ಸಲ್ಲಬೇಕಾದ ಹಣವೂ ಬಾಕಿ ಬಿದ್ದಿರಲಿಲ್ಲ. ತನ್ನ ಕೆಲಸ ಕರಾರಿಗೆ ಒಪ್ಪುತ್ತದೆಯೇ ಎಂಬ ಶಂಕೆಯನ್ನು 1834ರ ಏಪ್ರಿಲ್ 14ರ ಪತ್ರದಲ್ಲಿ ಬರೆದು, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸೋಣವೆಂದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಅರಸರು ಖರೀತೆಯ ಮೇಲೆ ಖರೀತೆ ಬರೆಯುತ್ತ ಮೂವತ್ತೇಳು ವರ್ಷ ಕಾದು, 1868ರ ಮಾರ್ಚ್ 27ರಂದು ತೀರಿಕೊಂಡರು. ರಾಜ್ಯ ಮರಳಿದ್ದು 1881ರಲ್ಲಿ, ದತ್ತುಮಗ ಚಾಮರಾಜೇಂದ್ರರ ಕೈಗೆ. ಮೊದಲು ಕೇಳಿ ಆಮೇಲೆ ನಿರ್ಧರಿಸಿದ್ದರೆ ಬೆಂಟಿಂಕ್ 1834ರಲ್ಲಿ ಪಟ್ಟ ಶಂಕೆಯನ್ನು 1831ರಲ್ಲೇ ಪಡುತ್ತಿದ್ದ ಎಂಬುದು ನನ್ನ ದೃಢವಾದ ನಂಬಿಕೆ.

ಮೈಸೂರನ್ನು ಮೊದಲು ವಹಿಸಿಕೊಂಡ ಹಿರಿಯ ಕಮಿಷನರ್ ಜಾನ್ ಬ್ರಿಗ್ಸ್. ಇವನ ಮೇಲೆ ಕಣ್ಣಿಡಬೇಕು. ಫಾರಸಿ ಬಲ್ಲವನು, ಫೆರಿಷ್ತಾನ ಇತಿಹಾಸವನ್ನು ಇಂಗ್ಲಿಷಿಗೆ ತಂದವನು. ಮೈಸೂರಿಗೆ ಬರುವ ಮುಂಚೆ ಸಾತಾರಾದಲ್ಲಿ ರೆಸಿಡೆಂಟನಾಗಿ ಪ್ರತಾಪಸಿಂಹನನ್ನು ಹತ್ತಿರದಿಂದ ಕಂಡಿದ್ದ. ಒಂದು ಗದ್ದುಗೆ ಬರಿದಾದಾಗ ಅವನು ಕಂಪನಿಯ ಕೈಯಾಗಿದ್ದ. ಇನ್ನೊಂದು ಬರಿದಾದಾಗ ಅದರ ವಿರುದ್ಧ ದನಿಯಾದ.

ಪ್ರತಾಪಸಿಂಹ ಶಿವಾಜಿಯ ವಂಶದವನು, ಹುಟ್ಟಿದ್ದು 1793ರಲ್ಲಿ. ಪೇಶವೆಯ ಕಾಲದಲ್ಲಿ ಛತ್ರಪತಿಯೆಂಬುದು ಹೆಸರಿಗಷ್ಟೇ, ನಡೆಯುತ್ತಿದ್ದದ್ದು ಕೋಟೆಯೊಳಗಿನ ಸೆರೆವಾಸ. 1818ರಲ್ಲಿ ಎಲ್ಫಿನ್‌ಸ್ಟನ್ ಅವನನ್ನು ಬಿಡಿಸಿ ಗದ್ದುಗೆಗೆ ಕೂರಿಸಿದ. 1819ರ ಸೆಪ್ಟೆಂಬರ್ 25ರಂದು ಕರಾರಾಯಿತು. ಅರಸ ಕೆಲಸಗಾರ. ದಾರಿ ಮಾಡಿಸಿದ, ಊರಿಗೆ ನೀರು ತಂದ, ಲೆಕ್ಕಪತ್ರ ತಾನೇ ನೋಡಿದ. 1835ರ ಕೊನೆಗೆ ಲಂಡನ್ನಿನ ನಿರ್ದೇಶಕರು ಅವನ ಆಡಳಿತವನ್ನು ಮೆಚ್ಚಿ ಒಂದು ಖಡ್ಗವನ್ನು ಉಡುಗೊರೆಯಾಗಿ ಕಳಿಸಿದರು. ಆ ಖಡ್ಗ ಅವನ ಕೈ ಮುಟ್ಟಲಿಲ್ಲ.

ಮುಟ್ಟದಿರಲು ಕಾರಣ ಜಹಗೀರುಗಳ ವ್ಯಾಜ್ಯ ಮತ್ತು ಅದರ ಬೆನ್ನಿಗೇ ಬಂದ ಒಂದು ಆರೋಪ. ಅಕ್ಕಲಕೋಟೆ, ಜತ್ತ, ಫಲಟಣ, ಭೋರ, ಔಂಧ ಮೊದಲಾದ ಜಹಗೀರುಗಳ ಮೇಲೆ ತನಗೆಷ್ಟು ಅಧಿಕಾರವೆಂದು ಅರಸ ಮುಂಬಯಿ ಸರಕಾರದೊಡನೆ ವಾದಿಸುತ್ತಿದ್ದ. 1836ರಲ್ಲಿ, 23ನೆಯ ಪಲ್ಟಣಿನ ಇಬ್ಬರು ಸುಭೇದಾರರು ಅರಸ ತಮ್ಮನ್ನು ಕರೆಸಿ ಕಂಪನಿಯ ವಿರುದ್ಧ ತಿರುಗಲು ಪ್ರಚೋದಿಸಿದನೆಂದು ಹೇಳಿಕೆ ಕೊಟ್ಟರು. ಗೋವೆಯ ಪೋರ್ಚುಗೀಸರೊಡನೆಯೂ ಗದ್ದುಗೆ ಕಳೆದುಕೊಂಡಿದ್ದ ನಾಗಪುರದ ಅಪ್ಪಾಸಾಹೇಬನೊಡನೆಯೂ ಒಳಸಂಚಿನ ಪತ್ರವ್ಯವಹಾರ ನಡೆಸಿದನೆಂಬ ಆರೋಪಗಳೂ ಆಮೇಲೆ ಸೇರಿಕೊಂಡವು. ಗವರ್ನರ್ ರಾಬರ್ಟ್ ಗ್ರಾಂಟ್ ಮೂವರ ಗುಪ್ತ ಆಯೋಗವನ್ನು ಸಾತಾರಾಕ್ಕೆ ಕಳಿಸಿದ. ರೆಸಿಡೆಂಟ್ ಲಾಡ್ವಿಕ್, ಸರಕಾರದ ಕಾರ್ಯದರ್ಶಿ ವಿಲಬಿ, ಕರ್ನಲ್ ಓವನ್ಸ್. 1836ರ ಅಕ್ಟೋಬರಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಯಿತು.

ಸಾಕ್ಷಿಗಳಿರಲಿಲ್ಲವೆಂದಲ್ಲ. ಇದ್ದರು, ಹೇಳಿಕೆಗಳೂ ಕಾಗದಕ್ಕಿಳಿದವು. ಅರಸನನ್ನೂ ಆಯೋಗದ ಮುಂದೆ ಕರೆಸಿದರು, ಅವನು ಎಲ್ಲವನ್ನೂ ಅಲ್ಲಗಳೆದ. ಇದು ವೈರಿಗಳು ಹೆಣೆದ ಬಲೆ ಎಂದ. ನನ್ನ ಮೇಲೆ ಬಂದ ಹೇಳಿಕೆಗಳ ನಕಲು ಕೊಡಿ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ ಎಂದು ಬೇಡಿದ. ನಕಲು ಸಿಗಲಿಲ್ಲ. ಸಾಕ್ಷಿಗಳನ್ನು ಮರುಪ್ರಶ್ನೆ ಮಾಡಲು ವಕೀಲನಿಲ್ಲ, ತನ್ನ ಕಡೆಯ ಸಾಕ್ಷಿ ಹಾಜರುಪಡಿಸಲು ಅವಕಾಶವಿಲ್ಲ. ಮೈಸೂರಿನಲ್ಲಿ ಸಾಕ್ಷಿಯನ್ನೇ ಕರೆಯಲಿಲ್ಲ, ಸಾತಾರಾದಲ್ಲಿ ಕರೆದು ಬಾಗಿಲು ಮುಚ್ಚಿದರು. ಎರಡನೆಯದೇ ಕ್ರೂರವೆಂದು ನನಗೆ ತೋರುತ್ತದೆ. ಹೊರಗಿನವರ ಕಣ್ಣಿಗೆ ವಿಚಾರಣೆಯಾದಂತೆ ಕಾಣುತ್ತದೆ, ಒಳಗಿದ್ದವನಿಗೆ ತಾನು ಎದುರಿಸಬೇಕಾದದ್ದು ಏನೆಂದೇ ತಿಳಿಯುವುದಿಲ್ಲ.

ಮುಂಬಯಿ ಸರಕಾರದ ಪರವಾಗಿ ಹೇಳಬಹುದಾದ ಮಾತೂ ಹಗುರವಾದುದಲ್ಲ. ಅರಸ ಗದ್ದುಗೆಯ ಮೇಲೆ ಕೂತಿರುವಾಗ ಅವನ ಚಾಕರಿಯವರು, ಅವನ ಸೀಮೆಯವರು ಅವನೆದುರು ಬಾಯಿ ಬಿಟ್ಟಾರೇ? ಸಾಕ್ಷಿ ಹೇಳಿದವನ ಮನೆಮಠ ಮರುದಿನ ಉಳಿದೀತೇ? ರಾಜ್ಯದ ಗುಟ್ಟುಗಳನ್ನು ಬೀದಿಯಲ್ಲಿ ಹರವಲಾದೀತೇ? ಒಬ್ಬ ಮಿತ್ರ ಅರಸನೊಡನೆ ಇರುವ ಸಂಬಂಧ ಕೋರ್ಟಿನ ವಿಷಯವಲ್ಲ, ರಾಜಕಾರಣದ ವಿಷಯ. ಇವೆಲ್ಲ ಲಂಡನ್ನಿನ ಚರ್ಚೆಗಳಲ್ಲಿ ಮುಂದೆ ಬಂದ ತರ್ಕಗಳು. ಇಂದಿಗೂ ಯಾವ ಶಾಸನಸಭೆಯಲ್ಲಿ ದೊಡ್ಡವರ ಮೇಲೆ ವಾಗ್ದಂಡನೆಯ ಮಾತೆದ್ದರೂ, ಸಾಕ್ಷಿಗಳನ್ನು ಕರೆಯಬೇಕೇ ಬೇಡವೇ ಎಂಬಲ್ಲಿಗೆ ಬಂದಾಗ ಇವೇ ಮಾತುಗಳು ಹೊಸ ಅಂಗಿ ತೊಟ್ಟು ಬರುತ್ತವೆ. ಸಾಕ್ಷಿಗೆ ಭಯವಿದ್ದರೆ ರಕ್ಷಣೆ ಕೊಡಬೇಕು. ನಮ್ಮ ಪಂಚರಿಗೂ ಊರ ಗೌಡನ ವಿರುದ್ಧ ನುಡಿಯುವವನ ಭಯ ಗೊತ್ತಿತ್ತು, ಆದರೂ ಅವರು ಗೌಡನ ಬೆನ್ನ ಹಿಂದೆ ಮಹಜರು ಬರೆಯಲಿಲ್ಲ.

ಆಯೋಗದ ವರದಿಯಾಗಿ ಮೂರು ವರ್ಷ ಕತ್ತಿ ನೆತ್ತಿಯ ಮೇಲೆ ತೂಗಿತು. ಗ್ರಾಂಟ್ 1838ರಲ್ಲಿ ತೀರಿಕೊಂಡ. ಓವನ್ಸ್ ತಾನೇ ರೆಸಿಡೆಂಟನಾಗಿ ಸಾತಾರಾದಲ್ಲಿ ನೆಲೆಸಿದ. ವಿಚಾರಣೆಗೆ ಕೂತವನೇ ಕಾವಲಿಗೂ ನಿಂತಂತಾಯಿತು. 1839ರ ಆಗಸ್ಟಿನಲ್ಲಿ ಹೊಸ ಗವರ್ನರ್ ಜೇಮ್ಸ್ ಕಾರ್ನಾಕ್ ಸಾತಾರಾಕ್ಕೆ ಬಂದು ಅರಸನ ಮುಂದೆ ಒಂದು ಕಾಗದವಿಟ್ಟ. ಕರಾರು ಮುರಿದದ್ದನ್ನು ಒಪ್ಪಿ ಮುಂದೆ ಸರಿಯಾಗಿ ನಡೆಯುತ್ತೇನೆಂದು ಸಹಿ ಹಾಕಿದರೆ ರಾಜ್ಯ ಉಳಿಯುತ್ತದೆ. ಸಹಿ ಸುಲಭ. ಲೋಕದ ಜಾಣತನ ಬಲ್ಲವರು ಹಾಕಿಬಿಡುತ್ತಿದ್ದರು. ಮಾಡದ ತಪ್ಪನ್ನು ಒಪ್ಪಲಾರೆ, ವಿಚಾರಣೆ ಮಾಡಿ, ತಪ್ಪು ಕಂಡರೆ ರಾಜ್ಯ ತೆಗೆದುಕೊಳ್ಳಿ ಎಂಬುದು ಪ್ರತಾಪಸಿಂಹನ ನಿಲುವಾಗಿತ್ತು. ಅದರಿಂದ ಅವನು ಅಲುಗಲಿಲ್ಲ.

ಸೆಪ್ಟೆಂಬರ್ ಮೊದಲ ವಾರದ ಒಂದು ರಾತ್ರಿ ಓವನ್ಸ್ ಸಿಪಾಯಿಗಳೊಡನೆ ಅರಮನೆಗೆ ನುಗ್ಗಿ, ಮಲಗಿದ್ದವನನ್ನು ಎಬ್ಬಿಸಿ ಪಲ್ಲಕ್ಕಿಯಲ್ಲಿ ಹಾಕಿಕೊಂಡು ಊರ ಹೊರಗೆ ಒಯ್ದ. ತಮ್ಮ ಅಪ್ಪಾಸಾಹೇಬ ಶಹಾಜಿ ಗದ್ದುಗೆಗೆ ಬಂದ. ಅಣ್ಣನನ್ನು ಕಾಶಿಗೆ ಸಾಗಿಸಿದರು. ಜೊತೆಗೆ ಹೊರಟ ಸೇನಾಪತಿ ಬಾಳಾಸಾಹೇಬ ದಾರಿಯಲ್ಲೇ ಪ್ರಾಣ ಬಿಟ್ಟ. ಪ್ರತಾಪಸಿಂಹ ಕಾಶಿಯಲ್ಲಿ ಎಂಟು ವರ್ಷ ಬದುಕಿ, ವಿಚಾರಣೆ ಕೇಳುತ್ತಲೇ 1847ರ ಅಕ್ಟೋಬರ್ 14ರಂದು ಕಣ್ಣು ಮುಚ್ಚಿದ. ಮರುವರ್ಷ ಶಹಾಜಿಯೂ ಹೋದ. ಗವರ್ನರ್ ಜನರಲ್ ಡಾಲ್‌ಹೌಸಿ ದತ್ತಕವನ್ನು ಮನ್ನಿಸದೆ ಸಾತಾರಾವನ್ನು ನುಂಗಿದ. ಅದರ ಜೊತೆ ವಿಜಾಪುರವೂ ಕಂಪನಿಯ ಬಾಯಿಗೆ ಬಿತ್ತು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಕಿತ್ತೂರಿನ ದತ್ತಕ ಸಾಚಾ ಹೌದೋ ಅಲ್ಲವೋ ಎಂದು ಕೆದಕಿದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಹಟ ಎಲ್ಲಿಗೆ ಮುಟ್ಟಿತೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅರಸನ ದನಿ ಕಾಶಿಯಲ್ಲಿ ಸೆರೆಯಾಗಿದ್ದಾಗ ಅದನ್ನು ಲಂಡನ್ನಿಗೆ ಹೊತ್ತವನು ರಂಗೋ ಬಾಪೂಜಿ ಗುಪ್ತೆ. ಹಡಗು ಹತ್ತಿ ಪರದೇಶಕ್ಕೆ ಹೋಗಿ, ಇಂಗ್ಲಿಷು ಕಲಿತು, 1853ರವರೆಗೆ ಸುಮಾರು ಹದಿನಾಲ್ಕು ವರ್ಷ ಅಲ್ಲೇ ಕೂತ. ಕೈಯಲ್ಲಿ ಹಣ ತೀರಿ ಸಾಲವಾಯಿತು. ಕಂಪನಿಯ ಪಾಲುದಾರರ ಸಭೆಯಲ್ಲಿ ಜೋಸೆಫ್ ಹ್ಯೂಮ್, ಜಾರ್ಜ್ ಥಾಂಪ್ಸನ್, ಜಾನ್ ಸಲಿವನ್ ಮೊದಲಾದವರು ಅರಸನ ಪರ ಎದ್ದು ನಿಂತರು. ಅವರೊಡನೆ ನಿಂತವರಲ್ಲಿ ನಮ್ಮ ಬ್ರಿಗ್ಸ್ ಇದ್ದ. ಮೈಸೂರನ್ನು ಕೇಳದೆ ಕಿತ್ತುಕೊಂಡದ್ದನ್ನು ಒಳಗಿನಿಂದ ಕಂಡವನು ಸಾತಾರಾಕ್ಕಾಗಿ ಬಾಯಿ ತೆರೆದ. ಇನ್ನೂ ಅಚ್ಚರಿಯೆಂದರೆ ಲಾಡ್ವಿಕ್. ಆ ಗುಪ್ತ ಆಯೋಗದ ವರದಿಗೆ ಸಹಿ ಹಾಕಿದವನೇ ಇಂಗ್ಲೆಂಡಿಗೆ ಮರಳಿದ ಮೇಲೆ ಅರಸನ ಪರ ನಿಂತ. ಅವರು ಕೇಳಿದ್ದು ಬಿಡುಗಡೆಯನ್ನಲ್ಲ. ಆರೋಪಿಯ ಎದುರು ಸಾಕ್ಷಿಗಳನ್ನು ನಿಲ್ಲಿಸಿ, ಮತ್ತೊಮ್ಮೆ ಕೇಳಿ ಎಂದಷ್ಟೇ. ಸಭೆ ಪ್ರತಿ ಸಲವೂ ಬಹುಮತದಿಂದ ಬೇಡವೆಂದಿತು.

ಕಂಪನಿ ಹೋಗಿ ರಾಣಿಯ ಆಳಿಕೆ ಬಂದ ಮೇಲೆ ಒಂದು ಸಲ ಬಾಗಿಲು ತೆರೆಯಿತು. ಬಡೋದೆಯ ಮಲ್ಹಾರರಾವ್ ಗಾಯಕವಾಡ ರೆಸಿಡೆಂಟ್ ಫೇಯರನ ಶರಬತ್ತಿಗೆ 1874ರ ನವೆಂಬರಿನಲ್ಲಿ ವಿಷ ಹಾಕಿಸಿದನೆಂಬ ಆರೋಪ. ವೈಸರಾಯ್ ನಾರ್ತ್‌ಬ್ರೂಕ್ ಅರಸನನ್ನು ಬಂಧಿಸಿ ಆರು ಮಂದಿಯ ಆಯೋಗ ಕೂರಿಸಿದ. ಮೂವರು ಇಂಗ್ಲಿಷರು, ಮೂವರು ಭಾರತೀಯರು: ಗ್ವಾಲಿಯರಿನ ಸಿಂಧ್ಯಾ, ಜಯಪುರದ ಮಹಾರಾಜ, ಸರ್ ದಿನಕರರಾವ್. ಇಂಗ್ಲಿಷರಲ್ಲೊಬ್ಬ ರಿಚರ್ಡ್ ಮೀಡ್, ಅಲ್ಲಿಯವರೆಗೆ ಮೈಸೂರಿನ ಚೀಫ್ ಕಮಿಷನರನಾಗಿದ್ದವನು. ಅರಸನ ವಕೀಲನಾಗಿ ಲಂಡನ್ನಿನಿಂದ ಸಾರ್ಜಂಟ್ ಬ್ಯಾಲಂಟೈನ್ ಬಂದ. ರೆಸಿಡೆಂಟನನ್ನೇ ಕಟಕಟೆಯಲ್ಲಿ ನಿಲ್ಲಿಸಿ ಬೆವರಿಳಿಸಿದ. ರೆಸಿಡೆನ್ಸಿಯ ಚಾಕರರಿಂದ ಬಂದ ಹೇಳಿಕೆಗಳು ಪೋಲೀಸರ ಕಾವಲಿನಲ್ಲಿ ಕಲಿಸಿದ ಪಾಠವೆಂದು ವಾದಿಸಿದ. ಆ ತನಿಖೆ ನಡೆಸಿದವನು ಮುಂಬಯಿ ಪೋಲೀಸ್ ಕಮಿಷನರ್ ಫ್ರಾಂಕ್ ಸೌಟರ್. ಕಂಪನಿಯ ವಿರುದ್ಧ ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬನನ್ನು 1858ರ ಜೂನಿನಲ್ಲಿ ಹಿಡಿದವನೂ ಈತನೇ. ಹಿಡಿದ ಕೆಲವೇ ದಿನಗಳಲ್ಲಿ, ಜೂನ್ 12ರಂದು, ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದ್ದರು.

ಬಡೋದೆಯಲ್ಲಿ ಇಂಗ್ಲಿಷರು ಮೂವರೂ ಅಪರಾಧ ರುಜುವಾತಾಯಿತೆಂದರು, ಭಾರತೀಯರು ಮೂವರೂ ಆಗಲಿಲ್ಲವೆಂದರು. ಆದರೂ 1875ರ ಏಪ್ರಿಲಿನಲ್ಲಿ ಮಲ್ಹಾರರಾವನ ಗದ್ದುಗೆ ಹೋಯಿತು. ಹಾಗಾದರೆ ಸಾಕ್ಷಿ ಕೇಳಿ ಆದದ್ದೇನು ಎಂದು ಕೇಳುವವರಿದ್ದಾರೆ. ಆದದ್ದು ಬಹಳ. ವಿಷದ ಆರೋಪದ ಮೇಲೆ ತೆಗೆಯುತ್ತಿದ್ದೇವೆಂದು ಸರಕಾರಕ್ಕೆ ಹೇಳಲಾಗಲಿಲ್ಲ. ದುರಾಡಳಿತದ ಕಾರಣಕ್ಕೆ ತೆಗೆಯುತ್ತಿದ್ದೇವೆಂದು ಬಾಯಿಬಿಟ್ಟು ಸಾರಬೇಕಾಯಿತು. ಬಲವುಳ್ಳವನ ಕೈಯನ್ನು ಸಾಕ್ಷಿ ಕಟ್ಟಿಹಾಕಲಾರದು, ನಿಜ. ಅವನ ಬಾಯಿಂದ ನಿಜವಾದ ಕಾರಣವನ್ನು ಹೊರಡಿಸಬಲ್ಲದು. ಪ್ರತಾಪಸಿಂಹನಿಗೆ ಅಷ್ಟಾದರೂ ದಕ್ಕಿದ್ದರೆ, ದ್ರೋಹಿಯೆಂಬ ಹೆಸರು ಹೊತ್ತು ಕಾಶಿಯಲ್ಲಿ ಸಾಯುತ್ತಿರಲಿಲ್ಲ.

ರಂಗೋ ಬಾಪೂಜಿ ಬಡೋದೆಯ ವಿಚಾರಣೆಯನ್ನು ಕಾಣಲಿಲ್ಲ. ಅವನು ಲಂಡನ್ನಿನಿಂದ ಮರಳುವಷ್ಟರಲ್ಲಿ ಅವನ ಅರಸನೂ ಇರಲಿಲ್ಲ, ಅರಸನ ರಾಜ್ಯವೂ ಇರಲಿಲ್ಲ. ಹದಿನಾಲ್ಕು ವರ್ಷ ಅರ್ಜಿ ಬರೆದ ಕೈ ಆಮೇಲೆ ಬೇರೆ ದಾರಿ ಹುಡುಕಿತು. 1857ರಲ್ಲಿ ಸಾತಾರಾ, ಕೊಲ್ಲಾಪುರ, ಬೆಳಗಾವಿಗಳ ನಡುವೆ ಒಳಗೊಳಗೇ ಹರಿದಾಡಿದ ಸಂಚಿನಲ್ಲಿ ಅವನ ಹೆಸರು ಬಂತು. ಆ ಸೆಪ್ಟೆಂಬರಿನಲ್ಲಿ ಅವನ ಮಗ ಸೀತಾರಾಮನೂ ಸೇರಿದಂತೆ ಹದಿನೇಳು ಮಂದಿಗೆ ಸಾತಾರಾದಲ್ಲಿ ಮರಣದಂಡನೆಯಾಯಿತು. ರಂಗೋ ಬಾಪೂಜಿಯ ತಲೆಗೆ ಸರಕಾರ ಬಹುಮಾನ ಕಟ್ಟಿತು. ಕೃಷ್ಣೆಯ ಎರಡೂ ದಡದ ಊರುಗಳಲ್ಲಿ ಹುಡುಕಿದರು. ಅವನನ್ನು ಕಂಡೆನೆಂದು ಹೇಳಲು ಒಬ್ಬರೂ ಮುಂದೆ ಬರಲಿಲ್ಲ.